ಗವಿಕೊಳ್ಳವನ್ನು ನಾವು ಕಾಪಾಡಿದ ಬಗೆ

ಜಲನಗರದಲ್ಲಿ ನಮ್ಮ ಮನೆಯ ಎದುರು ಸಾಲಿನ ಹುಡುಗಿಯೊಬ್ಬಳಿಗೆ ನಾನಿದ್ದ ಪುರಾತತ್ವ ಇಲಾಖೆಯಲ್ಲೇ ನೌಕರಿ ಸಿಕ್ಕಿದೆ. ಹೋದ ವಾರ ಪೇಢೆಯ ಡಬ್ಬಿ ಹಿಡಿದು ಬಂದಳು. ನಮಸ್ಕಾರ ಮಾಡಿ, ನಿಮ್ಮ ಕಾಲದ ಅನುಭವ ಹೇಳ್ರಿ ಅಜ್ಜಾರ, ಎಂದು ಎದುರಿಗೆ ಕೂತಳು. ಅವಳ ಪೇಢೆ ತಿಂದ ಬಾಯಿಂದ ಕಹಿ ಹೇಗೆ ಹೇಳುವುದು? ಹಳೆಯ ಗುಮ್ಮಟಗಳ ನೆರಳಲ್ಲಿ ಬುತ್ತಿ ಬಿಚ್ಚಿ ಉಂಡದ್ದು, ಗಾರೆಗೆ ಬೆಲ್ಲದ ನೀರು ಬೆರೆಸುತ್ತಿದ್ದದ್ದು, ಹೀಗೆ ಬಂದವರಿಗೆಲ್ಲ ಹೇಳುವ ನಾಲ್ಕು ಮಾತು ಹೇಳಿ ಕಳಿಸಿದೆ. ಹುಡುಗಿ ಖುಷಿಯಿಂದ ಹೋದಳು. ನನಗೆ ಮಾತ್ರ ಅವತ್ತು ಅನ್ನ ಸೇರಲಿಲ್ಲ. ಬಾಯಿಂದ ಹೇಳಲಾಗದ್ದನ್ನು ಬರೆದು ಕೊಡೋಣವೆಂದು ಕೂತಿದ್ದೇನೆ. ನನಗೆ ಬಡ್ತಿ ಯಾವಾಗ ಸಿಕ್ಕಿತು, ಬೀಳ್ಕೊಡುಗೆಯಲ್ಲಿ ಯಾರು ಎಷ್ಟು ಹೊಗಳಿದರು ಎಂಬುದೆಲ್ಲ ಇದರಲ್ಲಿಲ್ಲ. ಗವಿಕೊಳ್ಳ ಒಂದೇ ಇದೆ.

ನಾನು ನಕ್ಷೆಗಾರ. ಹಳೆಯ ಕಟ್ಟಡಗಳನ್ನು ಅಳೆದು ಕಾಗದಕ್ಕೆ ಇಳಿಸುವುದು ನನ್ನ ಕೆಲಸ. ಎಪ್ಪತ್ತರ ದಶಕದ ಮೊದಲಲ್ಲಿ ನಾನು ವಿಜಯಪುರದ ಕಚೇರಿಗೆ ಸೇರಿದಾಗ ನಮ್ಮ ಆಯುಧಗಳೆಂದರೆ ಮೂರು ಕಾಲಿನ ಅಳತೆ ಮೇಜು, ಬಟ್ಟೆಯ ಟೇಪು, ಕೆಂಪು ಬಿಳಿ ಪಟ್ಟೆಯ ಕೋಲು, ತೂಗುಗುಂಡು. ಈಗಿನವರು ಯಂತ್ರವನ್ನು ಗೋಡೆಯ ಕಡೆ ಹಿಡಿದರೆ ಸಾಕು, ಅಳತೆ ತಾನೇ ಬರುತ್ತದಂತೆ. ನಾವು ಗೋಡೆಗೆ ಮೈ ಉಜ್ಜಿಯೇ ಅಳೆಯಬೇಕಿತ್ತು. ಸಂಜೆ ಮನೆಗೆ ಬಂದರೆ ಅಂಗಿಯ ಬೆನ್ನಿನ ಮೇಲೆ ಆ ದಿನದ ಕಟ್ಟಡದ ಬಣ್ಣ ಇರುತ್ತಿತ್ತು.

ನಮ್ಮ ಮೇಲಿನವರು ನಾಡಗೌಡ ಸಾಹೇಬರು. ತೆಳ್ಳಗಿನ ಮನುಷ್ಯ, ದಪ್ಪ ಕನ್ನಡಕ. ಬೈಗುಳವನ್ನೂ ಪಾಠದಂತೆ ಹೇಳುವ ಸ್ವಭಾವ. ಸೇರಿದ ಹೊಸದರಲ್ಲಿ ನಾನು ಮಳೆಯಲ್ಲಿ ನೆಂದ ಟೇಪು ಹಿಡಿದು ಒಂದು ಸಮಾಧಿ ಕಟ್ಟಡವನ್ನು ಅಳೆದೆ. ನಕ್ಷೆಯಲ್ಲಿ ನಾಲ್ಕು ಗೋಡೆ ಒಂದಕ್ಕೊಂದು ಕೂಡಲೇ ಇಲ್ಲ. ಹಳೆಯ ಕಾಲದ ಗೌಂಡಿಯೇ ತಪ್ಪು ಮಾಡಿರಬೇಕು ಎಂದು ನಾನು ವಾದಿಸಿದೆ. ಸಾಹೇಬರು ಕನ್ನಡಕ ಒರೆಸಿಕೊಂಡು, ಕಟ್ಟಿದವ ಸತ್ತು ಎಷ್ಟೋ ಕಾಲ ಆಯ್ತು ತಮ್ಮಾ, ಅವ ಬಂದು ಹೂಂ ಅನ್ನೂದಿಲ್ಲ, ನೀನ ಹೋಗಿ ಒಣಾ ಟೇಪ್ ಹಿಡಿ ಅಂದರು. ಕಚೇರಿಯಲ್ಲಿ ಬಹಳ ದಿನ ನನ್ನನ್ನು ನೋಡಿದವರೆಲ್ಲ ಟೇಪು ಒಣಗಿತೇನೋ ಎಂದು ಕೇಳುತ್ತಿದ್ದರು.

ಅವರು ಕಲಿಸಿದ ಇನ್ನೊಂದು ಪಾಠವನ್ನು ಇಲ್ಲಿ ಹೇಳಲೇಬೇಕು. ಮುಂದೆ ಅದು ಬರುತ್ತದೆ. ನಕ್ಷೆಯಲ್ಲಿ ಮೂಲ ಕಟ್ಟಡ ಮಾತ್ರ ಬರಬೇಕು, ಆಮೇಲೆ ಜನ ಸೇರಿಸಿದ್ದು ಯಾವುದೂ ಬರಬಾರದು. ಗುಮ್ಮಟದೊಳಗೆ ಯಾರೋ ಸಂಸಾರ ಹೂಡಿ ತೊಟ್ಟಿಲು ಕಟ್ಟಿರುತ್ತಾರೆ, ಕಮಾನಿಗೆ ಅಡ್ಡಲಾಗಿ ಗೋಡೆ ಎತ್ತಿರುತ್ತಾರೆ, ಮೂಲೆಯಲ್ಲಿ ಒಲೆ ಹಾಕಿರುತ್ತಾರೆ. ಅದನ್ನೆಲ್ಲ ಕಣ್ಣಿನಿಂದ ಒರೆಸಿ ಹಾಕಿ, ಹಿಂದೆ ಇದ್ದಂತೆ ಬರೆಯಬೇಕು. ಈ ನಿಯಮ ನಮ್ಮ ಕೈಗೆ ಎಷ್ಟು ರೂಢಿಯಾಗಿತ್ತೆಂದರೆ, ಒಲೆಯ ಮುಂದೆ ಕೂತ ಹೆಂಗಸು ಕೊಟ್ಟ ಚಹಾ ಕುಡಿಯುತ್ತಲೇ ಆ ಒಲೆ ಇಲ್ಲದ ನಕ್ಷೆ ಬರೆಯುತ್ತಿದ್ದೆವು.

ಗವಿಕೊಳ್ಳದ ಸುದ್ದಿ ತಂದವರು ನಿಡೋಣಿ ಕಡೆಯ ಒಬ್ಬ ಸಾಲಿ ಮಾಸ್ತರರು. ಟಿಕೋಟಾಕ್ಕೂ ಬಬಲೇಶ್ವರಕ್ಕೂ ನಡುವಿನ ಗುಡ್ಡದ ಸೀಳಿನಲ್ಲಿ, ಕಡಿದಾದ ಬಂಡೆಯ ಮೈಯಲ್ಲಿ ಸಾಲಾಗಿ ಗವಿಗಳಿವೆ, ಕುರಿಯವರು ಇರುತ್ತಾರೆ, ಆದರೆ ಅವರು ಕೆತ್ತಿದ್ದಲ್ಲ ಎಂದರು. ಅದಕ್ಕಿಂತ ಅವಸರದ ಮಾತು ಇನ್ನೊಂದಿತ್ತು. ರಸ್ತೆಗೆ ಖಡಿ ಒಡೆಸುವ ಗುತ್ತಿಗೆದಾರನೊಬ್ಬ ಆ ಕೊಳ್ಳದ ಮೇಲೆ ಕಣ್ಣು ಹಾಕಿದ್ದಾನೆ, ಬೇಗ ಏನಾದರೂ ಮಾಡದಿದ್ದರೆ ಬಂಡೆಗೆ ಮದ್ದು ತುಂಬಿ ಸುರಂಗ ಹಚ್ಚಿ ಹಾರಿಸುತ್ತಾನೆ ಎಂದರು. ಸಾಹೇಬರು ಮರುದಿನವೇ ಹೊರಟರು. ಮೇಜು ಹೊರುವವನೂ ನಾನೇ, ಅಳೆಯುವವನೂ ನಾನೇ.

ಅಥಣಿ ರಸ್ತೆಯಲ್ಲಿ ಟಿಕೋಟಾದವರೆಗೆ ಬಸ್ಸು. ಅಲ್ಲಿಂದ ಬಬಲೇಶ್ವರದ ದಿಕ್ಕಿಗೆ ಹೊಲದ ಬದುಗಳ ಮೇಲೆ ನಡಿಗೆ. ಸುತ್ತ ಎಲ್ಲ ಸಪಾಟು ಎರೆ ನೆಲ, ಜೋಳದ ಕೂಳೆ. ಇಂಥಲ್ಲಿ ಕೊಳ್ಳ ಎಲ್ಲಿಂದ ಬರಬೇಕು, ಮಾಸ್ತರರು ನಮ್ಮನ್ನು ಹುಚ್ಚು ಮಾಡಿದರೋ ಏನೋ ಎಂದುಕೊಳ್ಳುವಷ್ಟರಲ್ಲಿ ಹೊಲ ಮುಗಿದು ಗರಸು ನೆಲ ಬಂತು. ಇನ್ನಷ್ಟು ದೂರ ಹೋದರೆ ಕಾಲ ಬುಡದಲ್ಲೇ ನೆಲ ಬಾಯಿ ತೆರೆದಿತ್ತು. ಕೆಳಗೆ ಹಳ್ಳ, ಎಮ್ಮೆಗಳು ಮಲಗಿದಂಥ ಕರಿ ಬಂಡೆಗಳು, ಕಾರಿ ಮುಳ್ಳು, ಬಾರಿಗಿಡ, ಕಳ್ಳಿ. ಎದುರು ದಂಡೆಯ ಬಂಡೆಯ ನಡುಮಟ್ಟದಲ್ಲಿ, ಮೇಲೊಂದು ಕೆಳಗೊಂದು ಕರಿಕಲ್ಲಿನ ಪದರದ ನಡುವೆ, ಕೆಂಪಗಿನ ಮೆತ್ತನೆ ಪದರವೊಂದಿತ್ತು. ಆ ಕೆಂಪಿನಲ್ಲಿ ಸಾಲಾಗಿ ಕಪ್ಪು ಬಾಯಿಗಳು.

ಇಳಿಯುವುದು ಹೇಗೋ ಆಯಿತು, ಕೂತು ಜಾರಿದೆವು. ಹತ್ತುವುದೇ ಪ್ರಾಣಸಂಕಟ. ಕುರಿಗಳು ಓಡಾಡಿ ಮಾಡಿದ ಕಾಲುದಾರಿ, ಒಂದು ಹೆಜ್ಜೆಯಷ್ಟು ಅಗಲ. ಎಡಗಡೆ ಬಂಡೆ, ಬಲಗಡೆ ಏನೂ ಇಲ್ಲ. ಅರ್ಧದಲ್ಲಿ ದಾರಿ ಬಂಡೆಯ ಮೂಗನ್ನು ಸುತ್ತಿ ತಿರುಗುತ್ತದೆ. ಅಲ್ಲಿ ಸಾಹೇಬರ ಬೂಟು ಜಾರಿತು. ಅವರು ಬಂಡೆಗೆ ತಬ್ಬಿಕೊಂಡು ನಿಂತುಬಿಟ್ಟರು, ಮುಂದೂ ಹೋಗರು, ಹಿಂದೂ ಬಾರರು. ಮೇಲಿನಿಂದ ಕಂಬಳಿ ಹೊದ್ದ ಒಬ್ಬ ಮನುಷ್ಯ ಸರಸರ ಇಳಿದು ಬಂದ.

"ಬೂಟ ಬಿಚ್ರಿ ಯಪ್ಪಾ. ಕೈ ಇಲ್ಲಿ ಇಡ್ರಿ. ಎಲ್ಲಾರೂ ಇಲ್ಲೇ ಹಿಡೀತಾರ."

ಅವನು ತೋರಿಸಿದ ಕಡೆ ಬಂಡೆಯ ಮೂಗು ಎಣ್ಣೆ ಸವರಿದಂತೆ ನುಣುಪಾಗಿತ್ತು. ತಲೆತಲಾಂತರದಿಂದ ಹತ್ತಿ ಇಳಿದವರೆಲ್ಲ ಅಲ್ಲಿಯೇ ಕೈ ಹಿಡಿದು ಆದ ನುಣುಪು. ಸಾಹೇಬರು ಬೂಟು ಬಿಚ್ಚಿ ಕೊರಳಿಗೆ ಹಾಕಿಕೊಂಡು ಬರಿಗಾಲಲ್ಲಿ ಹತ್ತಿದರು. ಆ ಮನುಷ್ಯನ ಹೆಸರು ಬೀರಪ್ಪ. ಅವನ ಹೆಂಡತಿ ಮಾಯವ್ವ ಗವಿಯ ಬಾಯಲ್ಲಿ ನಿಂತು ನಮಗೆ ಹಿತ್ತಾಳೆ ತಂಬಿಗೆಯಲ್ಲಿ ನೀರು ಕೊಟ್ಟಳು.

ಉಳಿದ ಬಾಯಿಗಳೆಲ್ಲ ಅರ್ಧಕ್ಕೇ ಕೆತ್ತಿ ಬಿಟ್ಟ ಗೂಡುಗಳು, ವಾಸಕ್ಕೆ ಬರುವಂಥದ್ದು ಇದೊಂದೇ. ಒಳಗೆ ಹೊಗೆ, ಸಗಣಿ, ಉಣ್ಣೆಯ ವಾಸನೆ. ತಲೆಯ ಮೇಲಿನ ಛತ್ತು ಮಸಿಯಿಂದ ಕರ್ರಗೆ ಹೊಳೆಯುತ್ತಿತ್ತು. ಗೋಡೆಗಳಿಗೆ ಕೆಮ್ಮಣ್ಣು ಸಗಣಿ ಕಲಸಿ ಸಾರಿಸಿದ್ದರು. ಒಂದು ಮೂಲೆಯಲ್ಲಿ ಮರಿಗಳಿಗೆ ಮುಳ್ಳಿನ ಬೇಲಿಯ ಆಸರೆ, ಇನ್ನೊಂದರಲ್ಲಿ ಒಲೆ, ನಡುಗೋಡೆಯಲ್ಲಿ ದೇವರ ಗೂಡು. ಗೂಡಿನಲ್ಲಿ ಕುಂಕುಮ ಭಂಡಾರ ಹಚ್ಚಿದ ಒಂದು ಗುಂಡುಕಲ್ಲು. ಮಳೆಗಾಲದ ಕೊನೆಗೆ ಕುರಿ ಈಯುವುದು ಇಲ್ಲೇ, ಉಳಿದ ದಿನ ಅಡವಿ ಮೇಲೆ ಎಂದ ಬೀರಪ್ಪ. ತನ್ನ ಅಪ್ಪ, ಅಪ್ಪನ ಅಪ್ಪ ಎಲ್ಲ ಹುಟ್ಟಿದ್ದು ಇದೇ ಗವಿಯಲ್ಲಿ. ಕೆತ್ತಿದವರು ಯಾರೆಂದು ಅವನಿಗೆ ಗೊತ್ತಿರಲಿಲ್ಲ, ಗೊತ್ತಿರಬೇಕೆಂದೂ ಅವನಿಗೆ ಅನ್ನಿಸಿರಲಿಲ್ಲ.

ಒಲೆಯ ಹತ್ತಿರ ಒಂದು ಕಡೆ ಸಾರಿಸಿದ ಮಣ್ಣು ಹಪ್ಪಳದಂತೆ ಎದ್ದಿತ್ತು. ಸಾಹೇಬರು ಉಗುರಿನಿಂದ ಎಬ್ಬಿಸಿದರು. ಪದರದ ಕೆಳಗೆ ಪದರ, ಅದರ ಕೆಳಗೆ ಇನ್ನೊಂದು. ಎಲ್ಲದರ ಕೆಳಗೆ ಕಲ್ಲಿನಲ್ಲಿ ಕೊರೆದ ಒಂದು ಗೆರೆ ಕಂಡಿತು. ಗೆರೆ ಹಿಡಿದು ಹೋದರೆ ಕಮಲದ ಎಸಳು. ಮರಿಗಳ ಆಸರೆಯ ಅಡಿಯಲ್ಲಿ ತಡವಿದರೆ ಕಲ್ಲಿನ ಮಂಚ, ತಲೆದಿಂಬಿನ ಉಬ್ಬು ಸಹಿತ. ಯಾವುದೋ ಕಾಲದಲ್ಲಿ ಮನೆ ಬಿಟ್ಟು ಬಂದ ವಿರಕ್ತರು ಕೆತ್ತಿಕೊಂಡ ವಾಸದ ಗವಿ. ಸಾಹೇಬರು ಆ ಕಲ್ಲಿನ ದಿಂಬಿನ ಮೇಲೆ ಕೈಯಿಟ್ಟು ಕೂತರು. ಕಣ್ಣಲ್ಲಿ ನೀರಿತ್ತು. ನನಗೂ ಮೈ ಜುಂ ಅಂದಿತು, ಸುಳ್ಳೇಕೆ ಹೇಳಲಿ. ಈ ನೌಕರಿಯಲ್ಲಿ ಅಂಥ ಗಳಿಗೆ ಬರುತ್ತದೆ. ಬಂದಾಗ ಮನುಷ್ಯ ಎಚ್ಚರ ತಪ್ಪುತ್ತಾನೆ.

ಖಡಿಯ ಗುತ್ತಿಗೆದಾರನ ಮಾತು ತೆಗೆದವನು ಬೀರಪ್ಪನೇ. ಅವನ ಜನ ಬಂದು ಬಂಡೆಗೆ ಸುಣ್ಣದ ಗುರುತು ಹಾಕಿ ಹೋಗಿದ್ದರಂತೆ.

"ಸುರಂಗ ಹಚ್ಚಿದ್ರ ನಮ್ಮ ಮನಿ ಉಳಿಯೂದಿಲ್ರಿ. ಸರಕಾರದವ್ರು ನೀವು. ಹೆಂಗರ ಮಾಡಿ ಉಳಸ್ರಿ."

ಸಾಹೇಬರು ಅವನ ಎದುರು ಕೂತು ತಿಳಿಸಿ ಹೇಳಿದರು. ಇದನ್ನು ಸಂರಕ್ಷಿತ ಜಾಗ ಎಂದು ಸಾರಿದರೆ ಯಾವ ಗುತ್ತಿಗೆದಾರನೂ ಮುಟ್ಟುವಂತಿಲ್ಲ. ಆದರೆ ಸಂರಕ್ಷಿತ ಜಾಗದಲ್ಲಿ ಯಾರೂ ವಾಸ ಇರುವಂತಿಲ್ಲ, ಒಲೆ ಹೊತ್ತಿಸುವಂತಿಲ್ಲ, ಕುರಿ ಕಟ್ಟುವಂತಿಲ್ಲ. ನೀನು ಬಿಟ್ಟುಕೊಟ್ಟರೆ ಗವಿ ಉಳಿಯುತ್ತದೆ, ನಿನ್ನನ್ನೇ ಇಲ್ಲಿಯ ಕಾವಲುಗಾರ ಮಾಡಿಸುತ್ತೇನೆ. ಬೀರಪ್ಪ ಹೆಂಡತಿಯ ಮುಖ ನೋಡಿದ. ಮಾಯವ್ವ ಒಲೆಯ ಮೇಲಿನ ರೊಟ್ಟಿ ತಿರುವಿ ಹಾಕಿದಳು. ಬೀರಪ್ಪ, ಉಳೀತೈತೆಲ್ರಿ, ಅಷ್ಟ ಸಾಕು ಎಂದ.

ಸಾಹೇಬರು ಕೊಟ್ಟ ಮಾತು ಉಳಿಸಿಕೊಂಡರು. ಇಂಥ ಕೆಲಸಕ್ಕೆ ಬೇರೆಯವರಿಗೆ ಅರ್ಧ ಆಯುಷ್ಯ ಬೇಕು, ಅವರು ಮೇಲಿನ ಕಚೇರಿಗೆ ಎಡತಾಕಿ ಎಡತಾಕಿ ಬೇಗ ಮಾಡಿಸಿದರು. ನೀಲಿ ಬಣ್ಣದ ಫಲಕ ಬಂತು, ಗವಿಯ ಬಾಯಿಗೆ ಕಬ್ಬಿಣದ ಜಾಲರಿ ಬಾಗಿಲು ಬಂತು. ಬೀರಪ್ಪನಿಗೆ ಖಾಕಿ ಅಂಗಿ, ಕೀಲಿ ಬಂತು. ಗುತ್ತಿಗೆದಾರ ಬೇರೆ ಗುಡ್ಡ ನೋಡಿಕೊಂಡ. ಫಲಕ ನೆಟ್ಟ ದಿನ ಟಿಕೋಟಾದಲ್ಲಿ ಸಾಹೇಬರು ನಮಗೆಲ್ಲ ಭಜಿ ಚಹಾ ಕೊಡಿಸಿದರು. ಅವರು ಅಷ್ಟು ಹಗುರಾಗಿ ನಗುವುದನ್ನು ನಾನು ಮತ್ತೆಂದೂ ನೋಡಲಿಲ್ಲ.

ಆಮೇಲೆ ರಾಸಾಯನಿಕ ವಿಭಾಗದವರು ಬಂದರು. ಅಮೋನಿಯಾ ನೀರು, ಬ್ರಷ್ಷು, ಮರದ ಚಮಚೆ. ತಮ್ಮ ಕೆಲಸದಲ್ಲಿ ನುರಿತವರು, ಒಂದು ಗೀರು ಬೀಳದಂತೆ ಸಗಣಿಯ ಪದರಗಳನ್ನೆಲ್ಲ ಎಬ್ಬಿಸಿದರು, ಛತ್ತಿನ ಮಸಿ ತೊಳೆದರು. ದಿನದಿನಕ್ಕೂ ಗವಿ ಬೆಳಕಾಗುತ್ತ ಹೋಯಿತು. ಕಮಲ ಪೂರ್ತಿ ಅರಳಿತು. ಬಾಗಿಲ ಚೌಕಟ್ಟಿನ ಬಳ್ಳಿ, ದೀಪ ಇಡುವ ಸಣ್ಣ ಗೂಡುಗಳು, ನೀರು ಹೋಗಲು ನೆಲದಲ್ಲಿ ಕೊರೆದ ಕಾಲುವೆ ಎಲ್ಲ ಎದ್ದು ಬಂದವು. ನಾನು ಹಗಲೆಲ್ಲ ಅಳೆದೆ. ಒಲೆ ಕಿತ್ತು ಆಗಿತ್ತು, ಆಸರೆ ತೆಗೆದು ಆಗಿತ್ತು. ಮಾಯವ್ವನ ದೇವರ ಗೂಡು ಉಳಿದಿತ್ತು, ಅದು ಆಮೇಲೆ ಕೊರೆದದ್ದು. ನಿಯಮದಂತೆ ಅಲ್ಲಿ ಬರಿ ಗೋಡೆ ಬರೆದೆ. ನನ್ನ ಕೈಯಿಂದ ಅಷ್ಟು ಚೆಂದದ ನಕ್ಷೆ ಹಿಂದೆಯೂ ಬಂದಿರಲಿಲ್ಲ, ಮುಂದೆಯೂ ಬರಲಿಲ್ಲ.

ಆ ವರ್ಷ ದಸರೆಗೆ ಮುಂಚಿನ ಮಾನಮಿ ಅಮಾವಾಸ್ಯೆಯ ದಿನ ನಾನು ಕೊನೆಯ ಅಳತೆಗಳನ್ನು ತಾಳೆ ನೋಡಲು ಅಲ್ಲಿದ್ದೆ. ಬೀರಪ್ಪ ಖಾಕಿ ಅಂಗಿ ತೊಟ್ಟು ಜಾಲರಿಯ ಹತ್ತಿರ ಕೂತಿದ್ದ. ಕೆಳಗಿನ ದಾರಿಯಲ್ಲಿ ಮಾಯವ್ವ ಬರುತ್ತಿದ್ದಳು. ತಲೆಯ ಮೇಲೆ ಬುಟ್ಟಿ, ಅದರಲ್ಲಿ ಕೆಮ್ಮಣ್ಣು, ಸಗಣಿ. ಬಂಡೆಯ ಮೂಗಿನ ತಿರುವಿನಲ್ಲಿ ಒಂದು ಕೈ ಬುಟ್ಟಿಗೆ, ಒಂದು ಕೈ ನುಣುಪಿಗೆ. ನಮ್ಮ ಕಡೆ ಆ ಅಮಾವಾಸ್ಯೆಗೆ ಎಲ್ಲರ ಮನೆಯಲ್ಲೂ ಗೋಡೆ ಸಾರಿಸಿ ನೆಲ ಬಳಿಯುತ್ತಾರೆ. ಆಕೆ ಮದುವೆಯಾಗಿ ಬಂದಾಗಿನಿಂದ ಒಂದು ವರ್ಷವೂ ತಪ್ಪಿಸಿರಲಿಲ್ಲ, ಆಕೆಯ ಅತ್ತೆಯೂ ತಪ್ಪಿಸಿರಲಿಲ್ಲ.

ಬೀರಪ್ಪ ಎದ್ದು ಬಾಗಿಲಿಗೆ ಅಡ್ಡ ನಿಂತ.

"ಎಲ್ಲಿ ಹೊಂಟಿ?"

"ಅಮಾಸಿ ಐತೆಲ್ಲ. ಮನಿ ಸಾರಸಾಕ ಬಂದೇನಿ."

"ಇದು ಈಗ ಮನಿ ಅಲ್ಲ ಬೇ. ಸರಕಾರದ್ದು."

"ಸರಕಾರದ್ದಾದ್ರ ಸರಕಾರ ಸಾರಸ್ತೈತೇನು?"

ಬೀರಪ್ಪ ನನ್ನ ಕಡೆ ನೋಡಿದ. ನಾನು ಸಂಬಳದ ನಕ್ಷೆಗಾರ, ನನ್ನ ಕೈಯಲ್ಲಿ ಟೇಪು ಬಿಟ್ಟರೆ ಬೇರೆ ಅಧಿಕಾರವಿಲ್ಲ. ಮಾಯವ್ವ ಬುಟ್ಟಿ ಇಳಿಸಿದಳು. ದೇವರ ಗೂಡಷ್ಟಾದರೂ ಬಿಡಿ, ಬರಿ ಕಲ್ಲಿನಲ್ಲಿ ದೇವರನ್ನು ಕೂರಿಸಬಾರದು ಎಂದಳು. ಬೀರಪ್ಪ ಸರಿದು ನಿಂತ. ಆಕೆ ಗೂಡಿನ ಒಳಗೂ ಸುತ್ತಲೂ ಕೈ ಆಡುವಷ್ಟು ಜಾಗವನ್ನು ನೀಟಾಗಿ ಸಾರಿಸಿ, ಉಳಿದ ಮಣ್ಣನ್ನು ಬುಟ್ಟಿಯಲ್ಲೇ ಹೊತ್ತುಕೊಂಡು ಇಳಿದು ಹೋದಳು.

ಅದೇ ಮಳೆಯಲ್ಲಿ ಅವರ ಕುರಿಗಳು ಬಯಲಲ್ಲಿ ಈದವು. ಥಂಡಿಗೆ ಮರಿಗಳು ನಿಲ್ಲಲಿಲ್ಲ. ಬೀರಪ್ಪನಿಗಂತೂ ಗವಿ ಬಿಟ್ಟು ಅಡವಿಗೆ ಹೋಗುವಂತಿರಲಿಲ್ಲ, ಒಬ್ಬಳೇ ಹೆಂಗಸು ಹಿಂಡು ಹೇಗೆ ತಿರುಗಿಸಿಯಾಳು? ಮಾಯವ್ವ ಹಿಂಡನ್ನು ಮಾರಿ, ಅಥಣಿ ರಸ್ತೆಯಲ್ಲಿ ಮನೆ ಕಟ್ಟುವ ಕಡೆ ಗಾರೆ ಹೊರುವ ಕೆಲಸಕ್ಕೆ ಸೇರಿದಳು. ಈ ಸುದ್ದಿಯನ್ನು ನಾನು ಸಾಹೇಬರಿಗೆ ಹೇಳಿದೆ. ಅವರು ಬಹಳ ನೊಂದುಕೊಂಡರು. ಗವಿ ಉಳಿಯಿತಲ್ಲ ಎಂದು ತಮಗೆ ತಾವೇ ಹೇಳಿಕೊಂಡರು.

ಆದರೆ ಗವಿಯೂ ಉಳಿಯುವ ಹಾಗಿರಲಿಲ್ಲ. ಮುಂದಿನ ಬೇಸಿಗೆಯಲ್ಲಿ ಬೀರಪ್ಪ ಕಚೇರಿಗೆ ಬಂದು, ಗೋಡೆ ಉದುರುತ್ತಿದೆ, ದಿನಾ ಗುಡಿಸಿದರೂ ಮತ್ತೆ ಅಷ್ಟೇ ಕೆಂಪು ಪುಡಿ ಎಂದ. ಹೊಸದಾಗಿ ತೊಳೆದದ್ದಕ್ಕೆ ಹಾಗಾಗಿರಬಹುದು ಎಂದರು ಕಚೇರಿಯಲ್ಲಿ. ಇನ್ನೊಂದು ಮಳೆಗಾಲ ಕಳೆಯಿತು. ಆಗ ನಾನೂ ಸಾಹೇಬರೂ ಹೋದೆವು. ಕಮಲದ ಎಸಳುಗಳು ಉದುರಿದ್ದವು. ಕಲ್ಲಿನ ದಿಂಬು ಮುಟ್ಟಿದರೆ ಕೈಗೆ ಪುಡಿ ಹತ್ತುತ್ತಿತ್ತು. ಛತ್ತಿನಲ್ಲಿ ಬಿರುಕು ಬಿಟ್ಟಿತ್ತು. ಸಾಹೇಬರು ಗೋಡೆಯಿಂದ ಗೋಡೆಗೆ ಓಡಾಡಿದರು, ಕೊನೆಗೆ ದೇವರ ಗೂಡಿನ ಮುಂದೆ ನಿಂತರು. ಸುತ್ತಲಿನ ಗೋಡೆಯೆಲ್ಲ ಹುಣ್ಣಾಗಿ ಹಿಂದೆ ಸರಿದಿತ್ತು. ಮಾಯವ್ವ ಸಾರಿಸಿದ ಅಷ್ಟು ಜಾಗ ಮಾತ್ರ ನೆಟ್ಟಗೆ ಮುಂದಕ್ಕೆ ಉಳಿದಿತ್ತು.

ಅವರು ಅಂಚಿನಲ್ಲಿ ಸ್ವಲ್ಪ ಎಬ್ಬಿಸಿ ನೋಡಿದರು. ಒಳಗೆ ಕಲ್ಲು ಗಟ್ಟಿಯಿತ್ತು. ಈ ಕೆಂಪು ಕಲ್ಲು ತೇವಕ್ಕೆ ಉಬ್ಬಿ, ಒಣಗಿದಾಗ ಬಿರಿದು ಉದುರುವ ಜಾತಿಯದು. ಒಲೆಯ ಬೆಂಕಿ, ಕುರಿಗಳ ಮೈಶಾಖ ಗವಿಯನ್ನು ಬೆಚ್ಚಗೆ ಇಟ್ಟಿದ್ದವು, ವರ್ಷಕ್ಕೊಮ್ಮೆ ಸಾರಿಸಿದ ಮಣ್ಣು ಗೋಡೆಯನ್ನು ಹಿಡಿದಿತ್ತು. ಇದು ಮಾಯವ್ವನಿಗೂ ಗೊತ್ತಿರಲಿಲ್ಲ, ಆಕೆ ಹಬ್ಬಕ್ಕೆಂದು ಸಾರಿಸಿದ್ದಳು. ಬೀರಪ್ಪನಿಗೂ ಗೊತ್ತಿರಲಿಲ್ಲ. ನಮಗಂತೂ ಇಲ್ಲವೇ ಇಲ್ಲ. ಗೊತ್ತಾದದ್ದು ಎಲ್ಲ ತೊಳೆದು ಸ್ವಚ್ಛ ಮಾಡಿದ ಮೇಲೆ.

"ಹೊಲಸು ಅಂತ ತೆಗೆದಿವೆಲ್ಲ," ಎಂದರು ಸಾಹೇಬರು, "ಅದು ಇದರ ಚರ್ಮ ಆಗಿತ್ತೋ."

ಇಳಿಯುವಾಗ ಅವರು ಬಂಡೆಯ ಮೂಗಿನ ಹತ್ತಿರ ಬೂಟು ಬಿಚ್ಚಲಿಲ್ಲ. ನಾನೇ ಹಿಂದಿನಿಂದ ಅಂಗಿ ಹಿಡಿದುಕೊಂಡು ಇಳಿಸಿದೆ.

ಮಣ್ಣು ಸಗಣಿಯಿಂದ ಮತ್ತೆ ಗೋಡೆ ಸಾರಿಸಲು ಅವರು ಮೇಲಿನ ಕಚೇರಿಗೆ ಅನುಮತಿ ಕೇಳಿದರು. ಸಂರಕ್ಷಿತ ಸ್ಮಾರಕಕ್ಕೆ ಸಗಣಿ ಬಳಿಯುತ್ತಾರಂತೆ ಎಂದು ಅಲ್ಲಿ ನಕ್ಕರು. ಬಹಳ ಕಾಲದ ಮೇಲೆ ಒಬ್ಬ ಮೇಲಧಿಕಾರಿ ಪರಿಶೀಲನೆಗೆ ಬಂದರು. ಹಳ್ಳ ದಾಟುವಷ್ಟರಲ್ಲಿ ಅವರಿಗೆ ಏದುಸಿರು. ಕುರಿದಾರಿ ನೋಡಿ ಅಲ್ಲಿಯೇ ಒಂದು ಬಂಡೆಯ ಮೇಲೆ ಕೂತು, ಇಲ್ಲಿಂದಲೇ ಚೆನ್ನಾಗಿ ಕಾಣುತ್ತದಲ್ಲ, ಎಲ್ಲ ಸುಸ್ಥಿತಿಯಲ್ಲಿದೆ ಎಂದರು. ಕೆಳಗಿನಿಂದ ನೋಡಿದರೆ ಸುಸ್ಥಿತಿಯಲ್ಲೇ ಕಾಣುತ್ತಿತ್ತು. ಸಾಹೇಬರು ಕೈಮುಗಿದು ಮೇಲೆ ಬನ್ನಿ ಎಂದು ಬೇಡಿಕೊಂಡರು. ತಮಗಿಂತ ಚಿಕ್ಕ ವಯಸ್ಸಿನವನ ಮುಂದೆ ಅವರು ಹಾಗೆ ನಿಂತದ್ದನ್ನು ನೋಡಲಾರದೆ ನಾನು ಮುಖ ತಿರುಗಿಸಿದೆ. ಅಧಿಕಾರಿ ಎಳನೀರು ಕುಡಿದು ಹಿಂತಿರುಗಿದರು. ಅನುಮತಿ ಬರಲಿಲ್ಲ.

ಹೊಸಬರಿಗೆ ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ನಿಮ್ಮ ಮೇಲಿನವರಲ್ಲಿ ಕಳ್ಳರು ಇರುತ್ತಾರೆ, ಮೈಗಳ್ಳರು ಇರುತ್ತಾರೆ, ಅವರಿಂದ ಆಗುವ ಹಾಳನ್ನು ಹೇಗೋ ತಡೆಯಬಹುದು. ನಾಡಗೌಡ ಸಾಹೇಬರಂಥ ಪ್ರಾಮಾಣಿಕರಿಂದ ಆಗುವ ಹಾಳನ್ನು ತಡೆಯುವ ದಾರಿ ನನಗೆ ಇವತ್ತಿಗೂ ಹೊಳೆದಿಲ್ಲ. ಅವರು ಒಂದು ಹೆಜ್ಜೆಯನ್ನೂ ನಿಯಮ ಮೀರಿ ಇಟ್ಟಿರಲಿಲ್ಲ.

ಕೊನೆಗೆ ಅವರು ನಿಯಮ ಮೀರಿದರು. ಒಂದು ದಿನ ನನ್ನನ್ನು ಕರೆದು ಬಾಗಿಲು ಮುಂದೆ ಮಾಡಿಸಿ, ಆ ಹೆಣ್ಣುಮಗಳನ್ನು ಹುಡುಕಿ ಕರಕೊಂಡು ಹೋಗು, ಗೋಡೆ ಸಾರಿಸಲಿ, ಯಾರಾದರೂ ಕೇಳಿದರೆ ನಾನೇ ಹೇಳಿದೆ ಅನ್ನು ಎಂದರು. ಅಥಣಿ ರಸ್ತೆಯಲ್ಲಿ ಅರ್ಧ ಕಟ್ಟಿದ ಮನೆಯೊಂದರ ಮುಂದೆ ಮಾಯವ್ವ ಸಿಕ್ಕಳು. ಚುಚ್ಚಿ ಒಂದು ಮಾತಾಡುತ್ತಾಳೆ ಎಂದು ನಾನು ಅಳುಕುತ್ತಲೇ ಹೋಗಿದ್ದೆ. ಆಕೆ ಗಾರೆ ಬುಟ್ಟಿ ಕೆಳಗಿಟ್ಟು, ಸೆರಗಿನಿಂದ ಮುಖ ಒರೆಸಿಕೊಂಡು, ನಡೀರಿ ಎಂದಳು.

ನಿಡೋಣಿಯಲ್ಲಿ ಯಾರದೋ ಕೊಟ್ಟಿಗೆಯಿಂದ ಬೀರಪ್ಪ ದನದ ಸಗಣಿ ಬೇಡಿ ತಂದ. ಮಾಯವ್ವ ಕಲಸಿದಳು. ಅಂಗೈ ತುಂಬ ತೆಗೆದು ಗೋಡೆಗೆ ಒತ್ತಿ ಮೇಲಕ್ಕೆ ಎಳೆದಳು. ಕೈ ತೆಗೆದ ಕೂಡಲೇ ಮಣ್ಣು ಜಾರಿ ಬಿತ್ತು. ಅದರ ಹಿಂದೆ ಗೋಡೆಯ ಪುಡಿಯೂ ಬಂತು. ಇನ್ನೊಂದು ಕಡೆ ಹಚ್ಚಿದಳು, ಅಲ್ಲೂ ಹಾಗೆ. ನೀರು ಚಿಮುಕಿಸಿ ನೋಡಿದಳು, ತೆಳ್ಳಗೆ ಮಾಡಿ ನೋಡಿದಳು. ಬೀರಪ್ಪನೂ ಅಂಗಿ ಬಿಚ್ಚಿಟ್ಟು ಕೈ ಹಾಕಿದ. ಬಿಸಿಲು ಇಳಿಯುವವರೆಗೂ ಇಬ್ಬರೂ ಬಿಡಲಿಲ್ಲ. ನೆಲದ ತುಂಬ ಕೆಸರು, ಗೋಡೆ ಮಾತ್ರ ಬೆತ್ತಲೆ.

ಮಾಯವ್ವ ಕೈ ಇಳಿಬಿಟ್ಟು ನನ್ನ ಕಡೆ ತಿರುಗಿದಳು.

"ಗ್ವಾಡಿ ಹಿಡೀವಲ್ದುರಿ ಯಪ್ಪಾ."

ದೇವರ ಗೂಡಿನಿಂದ ಗುಂಡುಕಲ್ಲನ್ನು ತೆಗೆದು ಸೆರಗಿನಲ್ಲಿ ಕಟ್ಟಿಕೊಂಡಳು. ಬೀರಪ್ಪ ಬೇಡ ಅನ್ನಲಿಲ್ಲ.

ಆ ಮಳೆಗಾಲದಲ್ಲಿ ಛತ್ತು ಕುಸಿಯಿತು. ಬೀರಪ್ಪ ನೆಂದ ಕಂಬಳಿಯಲ್ಲಿ ಕಚೇರಿಯ ಪಡಸಾಲೆಗೆ ಬಂದು ನಿಂತು, ಗವಿ ಬಿತ್ರಿ, ಎಂದ. ನಿನಗೇನೂ ಆಗಲಿಲ್ಲವಲ್ಲ ಎಂದು ಸಾಹೇಬರು ಎದ್ದು ಬಂದರು. ನಾನು ಹೊರಗೆ ಇದ್ದೆ, ಒಳಗೆ ಇರಬಾರದೆಂದು ನೀವೇ ಹೇಳಿದ್ದಿರಲ್ಲ ಎಂದ ಬೀರಪ್ಪ. ಅದರಲ್ಲಿ ಕೊಂಕು ಇರಲಿಲ್ಲ, ಇದ್ದದ್ದನ್ನು ಇದ್ದಂತೆ ಹೇಳಿದ. ಸಾಹೇಬರು ಆ ಮೇಲೆ ಹೆಚ್ಚು ದಿನ ನಮ್ಮ ಕಚೇರಿಯಲ್ಲಿರಲಿಲ್ಲ, ವರ್ಗ ಕೇಳಿಕೊಂಡು ಹೋದರು. ಹೋಗುವ ದಿನ ನನ್ನ ಕೈ ಹಿಡಿದುಕೊಂಡರು.

ಗವಿ ಹೋಯಿತು, ಹುದ್ದೆ ಉಳಿಯಿತು. ಮಂಜೂರಾದ ಕಾವಲುಗಾರನ ಜಾಗವನ್ನು ತೆಗೆಯಬೇಕಾದರೆ ಗವಿ ಬಿದ್ದಿದೆ ಎಂದು ಮೇಲಿನವರು ಒಪ್ಪಬೇಕು. ಸುಸ್ಥಿತಿಯಲ್ಲಿದೆ ಎಂದು ಅವರೇ ಬರೆದಿದ್ದಾರೆ. ಜಾಲರಿ ಬಾಗಿಲು ಹಾಗೇ ನಿಂತಿತ್ತು, ಹಿಂದೆ ಕಲ್ಲಿನ ಗುಪ್ಪೆ. ಬೀರಪ್ಪ ಮುಂಜಾನೆ ಹೋಗಿ ಕೀಲಿ ತೆಗೆಯುತ್ತಿದ್ದ, ಸಂಜೆ ಹಾಕುತ್ತಿದ್ದ. ಒಮ್ಮೆ ನಾನು ಹೋದಾಗ ಕುರಿದಾರಿಯಲ್ಲಿ ಕಳ್ಳಿ ಬೆಳೆದಿತ್ತು. ಬಂಡೆಯ ಮೂಗಿನ ನುಣುಪಿನ ಮೇಲೆ ಪಾಚಿ ಒಣಗಿ ಒರಟಾಗಿತ್ತು. ಒಬ್ಬನೇ ಮನುಷ್ಯನ ಕೈ ಅದಕ್ಕೆ ಸಾಲದು.

ಎಪ್ಪತ್ತರ ದಶಕದ ಕೊನೆಯಲ್ಲಿ ಬೀರಪ್ಪ ಮಾಯವ್ವನನ್ನು ಕರೆದುಕೊಂಡು ಕಚೇರಿಗೆ ಬಂದಿದ್ದ. ಏನೋ ಸಹಿಯ ಕೆಲಸ. ನನ್ನ ಮೇಜಿನ ಹಿಂದೆ ಗೋಡೆಗೆ ಗವಿಕೊಳ್ಳದ ನಕ್ಷೆಯನ್ನು ಗಾಜಿನ ಚೌಕಟ್ಟು ಹಾಕಿ ತೂಗುಹಾಕಿದ್ದರು. ಬಂದವರೆಲ್ಲ ಮೆಚ್ಚುತ್ತಿದ್ದರು, ಆ ಗವಿ ಜಗತ್ತಿನಲ್ಲಿ ಇನ್ನು ಉಳಿದದ್ದು ಅಲ್ಲಿಯೇ. ಮಾಯವ್ವ ಅದನ್ನು ಏನೆಂದು ಕೇಳಿದಳು. ನಿಮ್ಮ ಗವಿಯೇ ಅವ್ವಾ ಎಂದೆ. ಆಕೆ ಹತ್ತಿರ ಹೋಗಿ ನಿಂತಳು. ಇದು ಬಾಗಿಲು, ಇದು ಕಮಲ, ಇದು ಮಂಚ ಎಂದು ನಾನು ತೋರಿಸಿದೆ. ಆಕೆ ತಲೆಯಾಡಿಸುತ್ತ ಎಲ್ಲ ಕೇಳಿಸಿಕೊಂಡಳು.

"ಒಲಿ ಎಲ್ಲೈತ್ರಿ?"

ನಾನು ಬೆರಳನ್ನು ನಕ್ಷೆಯಿಂದ ತೆಗೆದೆ.

"ದೇವರ ಗೂಡು?"

ಆಮೇಲೆ ಸೇರಿಸಿದ್ದನ್ನು ನಾವು ಬರೆಯುವುದಿಲ್ಲ ಎಂದು ಹೇಗೆ ಹೇಳಲಿ? ಪೆನ್ಸಿಲ್ ತೆಗೆದುಕೊಂಡು ಎದ್ದೆ. ಎಲ್ಲಿತ್ತು ತೋರಿಸು ಅವ್ವಾ, ಈಗ ಬರೆಯುತ್ತೇನೆ ಎಂದೆ. ಮಾಯವ್ವ ಬೆರಳನ್ನು ಗಾಜಿನ ಹತ್ತಿರ ಒಯ್ದಳು. ನಡುಗೋಡೆಯ ಗೆರೆಯ ಮೇಲೆ ಅದು ಒಂದು ಗಳಿಗೆ ನಿಂತಿತು. ಆಮೇಲೆ ಕೈಯನ್ನು ಹಿಂದಕ್ಕೆ ತೆಗೆದುಕೊಂಡಳು.

"ಬ್ಯಾಡ್ರಿ. ಇದು ಯಾರದೋ ಬ್ಯಾರೆ ಮನಿ."

ಬಾಗಿಲಲ್ಲಿ ನಿಂತಿದ್ದ ಬೀರಪ್ಪ, ನಡಿ ಬೇ, ಬಸ್ ಹೊಂಡತೈತಿ, ಹೊತ್ತು ಮುಳುಗೂದ್ರಾಗ ಹೋಗಿ ಕೀಲಿ ಹಾಕಬೇಕು ಎಂದ. ಇಬ್ಬರೂ ಟಿಕೋಟಾದ ಬಸ್ಸಿಗೆ ಹೋದರು. ನಾನು ಪೆನ್ಸಿಲ್ ಹಿಡಿದುಕೊಂಡು ನಿಂತೇ ಇದ್ದೆ.